ಟೋಲ್ ಗೇಟಿನ ಬೀಗರು

ಜಟ್ಟಪ್ಪನಿಗೆ ಉಪಾಯ ಹೊಳೆಯುವುದೇ ಅಪರೂಪ. ಹೊಳೆದಾಗ ಹೆಂಡತಿ ಉಚ್ಚಂಗಮ್ಮ ಮನೆದೇವರಿಗೆ ಕೈಮುಗಿಯುತ್ತಿದ್ದಳು, ಭಯದಿಂದ.

ಸರ್ಕಾರ ಭದ್ರಾವತಿ ರಸ್ತೆಗೆ ಜಲ್ಲಿ ಹೊಡೆಸಿ, ಆ ಖರ್ಚು ಗಾಡಿಗಳಿಂದಲೇ ಹುಟ್ಟಲಿ ಎಂದು ಶಿವಮೊಗ್ಗದ ಹೊರಗೆ ಟೋಲ್ ಗೇಟು ನಿಲ್ಲಿಸಿತ್ತು. ಕಾಯುವವನು ಜಟ್ಟಪ್ಪ, ಗೇಟು ದಾಟಿದೊಡನೆ, ಶಿವಮೊಗ್ಗದ ಕಡೆಗೆ, ಅವನ ಮನೆ. ಗಾಡಿಯವರೋ ಮಹಾ ಕಿಲಾಡಿಗಳು. ದೂರದಲ್ಲೇ ಎತ್ತುಗಳನ್ನು ಹೊಲಕ್ಕಿಳಿಸಿ, ಮನೆಯ ಹಿಂದಿನಿಂದ ಸುತ್ತಿ, ಈಚೆ ಬಂದು ರಸ್ತೆ ಹತ್ತುತ್ತಿದ್ದರು. ವಸೂಲಿ ಇಳಿಯಿತು, ಮೇಲಿನವರು ಗದರಿದರು. ಜಟ್ಟಪ್ಪ ಕೋಟೆ ಕಾಯುವ ದಳವಾಯಿಯ ಗತ್ತಿನಲ್ಲಿ ಆ ಕಳ್ಳದಾರಿಗೆ ಅಡ್ಡಲಾಗಿ ಕಂದಕ ತೋಡಿ, ಮೇಲೆ ಸೊಪ್ಪು ಮುಚ್ಚಿದ. (ಮುಚ್ಚದಿದ್ದರೆ ಕಂಡು ಹಿಂದಿರುಗಿಬಿಡುತ್ತಾರೆ, ಬುದ್ಧಿ ಬರುವುದು ಹೇಗೆ?)

"ನಾಳೆ ವಿಮಲನ್ನ ನೋಡಕ್ಕೆ ಭದ್ರಾವತಿಯಿಂದ ಬರ್ತಾರೆ. ಹುಡುಗ ಕಾರ್ಖಾನೇಲಿ ಫಿಟ್ಟರು. ಮಗಳಿಗೆ ಬಂದ ಸಂಬಂಧ ಎಲ್ಲಾ ತಪ್ಪಿ ಉಳಿದಿರೋದು ಇದೊಂದೇ. ಆ ಗುಂಡಿ ಮುಚ್ಚಿಬಿಡಿ ಮಾರಾಯ್ರೆ" ಎಂದಳು ಉಚ್ಚಂಗಮ್ಮ.

"ಬೀಗರು ಮರ್ಯಾದಸ್ಥರು ಕಣೆ. ಕಳ್ಳದಾರೀಲಿ ಯಾಕೆ ಬರ್ತಾರೆ? ನೆಟ್ಟಗೆ ಗೇಟಿಗೆ ಬರ್ತಾರೆ. ಟೋಲು ನಾನೇ ಕಟ್ತೀನಿ."

ಮರುದಿನ ಗೇಟಿಗೆ ಮಾವಿನೆಲೆ ಕಟ್ಟಿ, ಪೇಟ ಸುತ್ತಿ ರಸ್ತೆ ನೋಡುತ್ತಾ ನಿಂತ. ಮಧ್ಯಾಹ್ನ ಮನೆಯ ಹಿಂದೆ ದಡಾರನೆ ಸದ್ದಾಯಿತು.

"ಬಿದ್ದ ನೋಡೇ ಕಳ್ಳ" ಎನ್ನುತ್ತಾ ಹಿಗ್ಗಿ ಓಡಿದ.

ಮಣ್ಣಿನಲ್ಲಿ ಹುಡುಗನ ತಂದೆ ಬೀರಪ್ಪ ಕೂತಿದ್ದ. ಗಾಡಿಯ ಅಚ್ಚು ತುಂಡಾಗಿತ್ತು. ಒಂದು ಎತ್ತು ಕಾಲು ಮುರಿದು ಮಲಗಿತ್ತು. ಹುಡುಗ ಅದರ ತಲೆ ಹಿಡಿದುಕೊಂಡಿದ್ದ.

"ಹೆಣ್ಣು ಕೊಡೋರು ನಮ್ಮ ಮುಂದೆ ಟೋಲಿಗೆ ಕೈ ಚಾಚಬಾರದು, ನಮಗೋಸ್ಕರ ತಮ್ಮ ಕೈಯಿಂದ ಕಟ್ಟಲೂಬಾರದು ಅಂತ ಸುತ್ತಿ ಬಂದ್ವಿ" ಎಂದ ಬೀರಪ್ಪ. "ಇದನ್ನ ತೋಡಿದ್ದು ಯಾರು?"

ಉಚ್ಚಂಗಮ್ಮ ಗಂಡನ ಮುಖ ನೋಡಿದಳು. ಬೇರೆ ಉತ್ತರ ಬೇಕಾಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಜಟ್ಟಪ್ಪನಿಗೆ. (ಬಿಟ್ಟೇ ಇತ್ತು, ಬೀಗರು ಒಳಗಿದ್ದರು.)

ಅವರು ನೀರೂ ಮುಟ್ಟಲಿಲ್ಲ. ವಿಮಲಾ ಹೂ ಮುಡಿದು ಒಳಗೆ ಕೂತೇ ಇದ್ದಳು. ಅವಳನ್ನು ನೋಡಲೂ ಇಲ್ಲ. ಗಾಡಿ ಹೊಡೆದುಕೊಂಡು ಬಂದಿದ್ದ ಆಳನ್ನು ಎತ್ತಿನ ಜೊತೆ ಬಿಟ್ಟು, ಊರಿಗೆ ಮರಳಲು ಬಾಡಿಗೆ ಗಾಡಿ ಹತ್ತಿ ಈ ಸಲ ನೇರವಾಗಿ ಗೇಟಿಗೇ ಬಂದರು. ಮಗಳ ಬಾಳನ್ನು ತಾನೇ ಹೂತೆನಲ್ಲ ಎಂದು ಜಟ್ಟಪ್ಪನ ಕಣ್ಣು ತುಂಬಿತು. ಕಾಲಿಗಾದರೂ ಬೀಳೋಣ ಎಂದು ಗಾಡಿಯ ಬಳಿ ಹೋದ. ಬೀರಪ್ಪ ಟೋಲಿನ ಕಾಸು ಮುಂದೆ ಹಿಡಿದ.

ಬೇಡ ಎನ್ನಲು ಜಟ್ಟಪ್ಪ ಬಾಯಿ ತೆರೆದ. ಅಷ್ಟರಲ್ಲಿ ವರ್ಷಗಳ ರೂಢಿಯಂತೆ ಕೈ ತಾನಾಗಿ ಮುಂದೆ ಹೋಗಿ, ಕಾಸು ಇಸಿದುಕೊಂಡು, ರಶೀದಿ ಹರಿದು ಕೊಟ್ಟಿತ್ತು.