ಅತ್ತೆಯ ಕಿವಿಯೊಳಗೊಂದು ಹಿಟ್ಟಿನ ಮಿಷನ್

ನನ್ನ ಸೋದರತ್ತೆಗೆ ಗುಟ್ಟು ಹೇಳುವುದೂ ಒಂದೇ, ಅವರಿರುವ ಕೆಸರೆಯ ಬೀದಿಯಲ್ಲಿ ಮೈಕು ಕಟ್ಟಿಸುವುದೂ ಒಂದೇ! ಚಾಡಿಬುದ್ಧಿಯಲ್ಲ, ಪಾಪ. ವಯಸ್ಸೆಲ್ಲ ಹಿಟ್ಟಿನ ಮಿಷನ್ ನಡೆಸಿದವರು. ಅದರ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲಿಗೆ ಪಿಸುಮಾತೇ ಮರೆತುಹೋಗಿದೆ. ನನಗೆ ಹೆಣ್ಣು ನೋಡಲು ಹೋದಾಗ, "ಹುಡ್ಗಿ ಪರವಾಗಿಲ್ಲ, ಉಪ್ಪಿಟ್ಟೇ ಗಂಟುಗಂಟು!" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಸೌಟು ನಿಜಕ್ಕೂ ಬಿತ್ತೋ, ಈ ಕಥೆ ಹೇಳುತ್ತಾ ಹೇಳುತ್ತಾ ನಾನೇ ಬೀಳಿಸಿದೆನೋ, ಈಗ ಖಾತ್ರಿಯಿಲ್ಲ. ಸಂಬಂಧ ಮುರಿದುಬಿದ್ದದ್ದು ಮಾತ್ರ ಖಾತ್ರಿ.

ಇಂಥ ಅತ್ತೆ ಕಳೆದ ವರ್ಷ ಒಂದು ಸಂಜೆ, ಬೀಗ ಹಾಕಿ ಬಂದಿದ್ದ ಅಂಗಡಿಗೆ ವಾಪಸ್ಸು ಓಡಿದರು. ಮಿಷನ್ ಇನ್ನೂ ಓಡುತ್ತಿದೆಯಂತೆ! ಬಾಗಿಲು ತೆರೆದರೆ ಅದು ತಣ್ಣಗೆ ಕೂತಿದೆ. 'ಗುಂಯ್' ಅನ್ನುವ ಸದ್ದು ಮಾತ್ರ ನಿಂತಿಲ್ಲ. ಶುರುವಾಯಿತು ನೋಡಿ ತನಿಖೆ. ಮೊದಲು ಮನೆಯ ಫ್ರಿಜ್ಜು ಆಫ್ ಮಾಡಿದರು. ದೋಸೆ ಹಿಟ್ಟು ಉಕ್ಕಿ ಹೊರಗೆ ಬಂತು, ಸದ್ದು ಹೋಗಲಿಲ್ಲ. ಆಮೇಲೆ ಪಕ್ಕದ ಮನೆಯ ಮೇಷ್ಟ್ರ ಸರದಿ.

"ಅದೇನ್ ಮೇಷ್ಟ್ರೇ, ನಿಮ್ ಯುಪಿಎಸ್ಸು ಒಂದೇ ಸಮ್ನೆ ಗುಂಯ್ ಅಂತದೆ?"

"ಅದು ಕೆಟ್ಟು ಎಷ್ಟೋ ತಿಂಗ್ಳಾಯ್ತು ಕಣಮ್ಮ!"

"ಕೆಟ್ಟಿರೋದ್ಕೇ ಅಂಗೆ ಸದ್ ಮಾಡ್ತದೆ. ಎತ್ತಿ ಬಿಸಾಕ್ಬುಡಿ!"

ಕೊನೆಗೆ ಕಿವಿಗೆ ಹುಳ ಹೊಕ್ಕಿದೆಯೆಂದು ತೀರ್ಮಾನವಾಯಿತು. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡು, ಊರಿನ ಇನ್ನೊಂದು ತುದಿಯ ಬೋಗಾದಿಯಿಂದ ನನ್ನನ್ನು ಕರೆಸಿ, ಮೊಬೈಲ್ ಟಾರ್ಚಿಗೆ ಕಿವಿಯೊಡ್ಡಿದರು.

"ಏನ್ ಕಾಣ್ತದೋ?"

"ಬೆಳ್ಳುಳ್ಳಿ ಅತ್ತೆ. ಸಾಸಿವೆ ಒಂದು ಬಾಕಿ."

ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. "ಎರಡು ವಾರದಿಂದ ನೆಟ್ಟಗೆ ನಿದ್ದೆ ಇಲ್ಲ ಕಣೋ. ಯಾರ್ಗೂ ಕೇಳ್ದೇ ಇರೋದು ನಂಗೊಬ್ಳಿಗೇ ಕೇಳ್ತದೆ. ತಲೆ ಕೆಟ್ಟೋಗ್ತಾ ಇದ್ಯಾ ನಂಗೆ?" ಅಂದರು.

ಮರುದಿನವೇ ಕಿವಿ ಡಾಕ್ಟರ ಬಳಿ ಹೋದೆವು. ಮೊದಲು ಗುಗ್ಗೆ ತೆಗೆದರು. ಕೆಲವರಿಗೆ ಅಷ್ಟಕ್ಕೇ ಸದ್ದು ನಿಲ್ಲುತ್ತದಂತೆ, ಅತ್ತೆಗೆ ನಿಲ್ಲಲಿಲ್ಲ. ಬಿಪಿ ನೋಡಿದರು, ನುಂಗುವ ಮಾತ್ರೆಗಳನ್ನೆಲ್ಲ ವಿಚಾರಿಸಿದರು, ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷೆ ಮಾಡಿಸಿದರು. ಒಳಗಿವಿಯಲ್ಲಿ ಸದ್ದು ಹಿಡಿಯುವ ಸಣ್ಣ ಕೂದಲಿನಂಥ ಕೋಶಗಳಿವೆಯಂತೆ. ಮಿಷನ್ನಿನ ಗದ್ದಲಕ್ಕೆ ಅವು ಸವೆದಿವೆ. ಅಲ್ಲಿಂದ ಸುದ್ದಿ ಬಾರದಾದಾಗ ಮಿದುಳು ತಾನೇ ವಾಲ್ಯೂಮ್ ಏರಿಸಿಕೊಂಡು ಕೂರುತ್ತದಂತೆ, ಆ 'ಗುಂಯ್' ಅದೇ ಅಂತೆ.

"ಹುಚ್ಚಲ್ಲಮ್ಮ, ಬಹಳ ಜನಕ್ಕಿದೆ. ಪೂರ್ತಿ ನಿಲ್ಲಿಸೋ ಮಾತ್ರೆ ಇಲ್ಲ, ಅಭ್ಯಾಸ ಆಗ್ತಾ ಹೋಗುತ್ತೆ. ಮಿಷನ್ ಹತ್ರ ಕಿವಿ ಮುಚ್ಕೊಳ್ಳಿ. ಮನೇಲಿ ತೀರಾ ನಿಶ್ಶಬ್ದ ಬೇಡ. ಫ್ಯಾನೋ ರೇಡಿಯೋನೋ ಮೆಲ್ಲಗೆ ಇರ್ಲಿ."

"ಸದ್ದಿಂದ ಬಂದ ಕಾಯ್ಲೆಗೆ ಸದ್ದೇ ಔಷ್ದೀನಾ? ಚೆನ್ನಾಗದೆ ಬುಡಿ!" ಅತ್ತೆಯ ಈ ಮಾತಿಗೆ ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು.

ಮಿಷನ್ನಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು.

"ರೇಡಿಯೋದಲ್ಲಿ ಬರೀ ಜಾಹೀರಾತು ಕಣೋ. ನೀನೇ ಏನಾರ ಮಾತಾಡು."

"ಏನ್ ಮಾತಾಡ್ಲಿ ಅತ್ತೆ?"

"ಏನಾರ. ಬೇಕಾದ್ರೆ ಬಯ್ಯಿ."

ಮನೆ ಮುಂದೆ ಯಾರೋ ಸುರಿದುಹೋದ ಜಲ್ಲಿ, ಓನರ್ ತೆಗೆಯುವ ನೀರಿನ ಕ್ಯಾತೆ, ಎಂದೂ ಹೊತ್ತಿಗೆ ಬಾರದ ಬಸ್ಸು, ಹೀಗೆ ಹೇಳುತ್ತಾ ಹೋದೆ. ಆ ಕಡೆಯಿಂದ 'ಹ್ಞೂಂ' ಬರುತ್ತಿತ್ತು. ಆಮೇಲೆ ತಡವಾಗಿ ಬಂತು. ಆಮೇಲೆ ಸಣ್ಣ ಗೊರಕೆ.

ನಾನು ಫೋನು ಇಡಲಿಲ್ಲ. ಜಲ್ಲಿಯ ಕಥೆಯನ್ನು ಮೊದಲಿನಿಂದ, ಇನ್ನಷ್ಟು ಮೆಲ್ಲಗೆ ಶುರು ಮಾಡಿದೆ.