ಹಬ್ಬದ ಮೇಜಿಗೆ ಈ ಸಲ ನೈಲಾನ್ ಇಲ್ಲ

ಅಮ್ಮಾನ್ ಹತ್ತಿರದ ಸಲ್ತ್ ಊರಿನ ಗಂಡಸರಿಗೆ ಒಂದೇ ಒಂದು ಮನೆಗೆಲಸ ಬರುತ್ತದೆ. ಅದು ಹಬ್ಬದೂಟದ ಮೇಜು ಸ್ವಚ್ಛ ಮಾಡುವುದು. ಊಟಕ್ಕೆ ಮೊದಲೇ ಮೇಜಿನ ಮೇಲೆ ತೆಳ್ಳನೆಯ ನೈಲಾನ್ ಹಾಳೆ ಹಾಸಿರುತ್ತಾರೆ. ಅನ್ನ, ಮಾಂಸ, ಮೊಸರಿನ ಸಾರಿನ ಮನ್ಸಫ್ ಉಂಡಾದ ಮೇಲೆ ಹರಿವಾಣ ಎತ್ತಿ, ಎಲುಬು, ಚೆಲ್ಲಿದ ಅನ್ನ, ನಿಂಬೆಸಿಪ್ಪೆ ಇದ್ದಂತೆಯೇ ನಾಲ್ಕು ಮೂಲೆ ಕೂಡಿಸಿ ಗಂಟು ಹಾಕಿದರೆ ಮುಗಿಯಿತು. ಗಂಟು ಬೀದಿಯ ಕಸದ ತೊಟ್ಟಿಗೆ, ಗಂಡಸು ಸೋಫಾಕ್ಕೆ.

ಇನ್‌ಶಿರಾಹಳಿಗೆ ಈ ಗಂಟಿನ ಮೇಲೆ ವೈರಾಗ್ಯ ಹುಟ್ಟಿದ್ದು ರಂಜಾನಿನ ಕೊನೆಯ ವಾರದಲ್ಲಿ. ಮಸೀದಿಯ ಹೆಂಗಸರ ಪಾಠದಲ್ಲಿ ಅಂದು ದುಂದಿನ ವಿಷಯ ಬಂತು. ಒಂದು ಹೊತ್ತು ಉಣ್ಣಲೆಂದು ಹಾಸಿದ ನೈಲಾನು ನಮ್ಮ ಮರಿಮಕ್ಕಳ ಕಾಲಕ್ಕೂ ಕಣಿವೆಯಲ್ಲಿ ಹಾಗೇ ಬಿದ್ದಿರುತ್ತದೆ ಎಂದು ಪಾಠ ಹೇಳುವಾಕೆ ಮೆತ್ತಗೆ ಹೇಳಿದಳು. ಗದರಿದ್ದರೆ ಇನ್‌ಶಿರಾಹ್ ಮರೆತುಬಿಡುತ್ತಿದ್ದಳು (ಗದರಿಕೆ ಕೇಳಿ ಮರೆಯುವ ಅಭ್ಯಾಸ ಗಂಡನ ಮನೆಯಲ್ಲಿ ಚೆನ್ನಾಗಿ ಆಗಿತ್ತು). ಮೆತ್ತಗೆ ಹೇಳಿದ್ದು ಮನಸ್ಸಿಗೆ ನಾಟಿತು.

ಅದೂ ಈ ವರ್ಷದ ಹಬ್ಬ ಅವಳ ಪಾಲಿಗೆ ಸಾಮಾನ್ಯದ್ದಲ್ಲ. ಅತ್ತೆ ತೀರಿದ ಮೇಲೆ ಈದ್ ಹಬ್ಬದ ಊಟ ಯಾವಾಗಲೂ ಗಂಡನ ಅಕ್ಕ, ಹಜ್ ಮಾಡಿ ಬಂದ ಹಾಜ್ಜಾ ಫಿದ್ದಾಳ ಮನೆಯಲ್ಲಿ. ಈ ಸಲ ಹಾಜ್ಜಾಳ ಮಂಡಿ ಕೈಕೊಟ್ಟಿತ್ತು. "ಒಂದು ವರ್ಷ ನೀನು ಮಾಡಿ ನೋಡು, ಔನಿ ಅಮ್ಮ," ಎಂದಿದ್ದಳು ಅವಳು. ಔನಿ ಇನ್‌ಶಿರಾಹಳ ಹಿರಿಮಗ. ಮಗ ಹುಟ್ಟಿದಂದಿನಿಂದ ಅವಳ ಹೆಸರು ಅದೇ. "ಸರಿಹೋಗದಿದ್ರೆ ಮುಂದಿನ್ವರ್ಷ ಕಿರಿಯವನ ಹೆಂಡ್ತಿ ಮಾಡ್ಲಿ." ಅಂದರೆ ಇದು ಊಟವಲ್ಲ, ಪರೀಕ್ಷೆ.

"ಈ ಸಲ ನೈಲಾನ್ ಹಾಸಲ್ಲ," ಎಂದು ಅವಳು ಗಂಡ ಫವ್ವಾಝನಿಗೆ ಹೇಳಿದಳು.

"ನೈಲಾನ್ ಇಲ್ದೆ ಮನ್ಸಫ್ ಹೇಗೇ ಉಣ್ಣೋದು? ಮೊಸರಿನ ಸಾರು ಮೊಣಕೈ ತನಕ ಇಳಿಯುತ್ತೆ."

"ನಿಮ್ಮಜ್ಜ ನೈಲಾನ್ ಹಾಸ್ಕೊಂಡು ಉಣ್ತಿದ್ರಾ?"

"ನಮ್ಮಜ್ಜ ಕಣದಲ್ಲಿ ಕೂತು ಉಣ್ತಿದ್ದ. ಕೆಳಗೆ ಮಣ್ಣಿತ್ತು. ಮಣ್ಣನ್ನ ಯಾರೂ ಒಗೀಬೇಕಾಗಿರ್ಲಿಲ್ಲ."

ಮರುದಿನ ಅವನು ಅಂಗಡಿಯಿಂದ ಒಂದು ಹೊಸ ನೈಲಾನ್ ಸುರುಳಿಯನ್ನೇ ತಂದ. ಅದರ ಮೇಲೆ ಕೆಂಪು ಕಸೂತಿಯ ಚಿತ್ರ ಅಚ್ಚಾಗಿತ್ತು. "ನೋಡು, ನಿನಗೂ ಸಮಾಧಾನ, ನನಗೂ ಸಮಾಧಾನ. ದೂರದಿಂದ ಬಟ್ಟೆ ಥರಾನೇ ಕಾಣುತ್ತೆ." ಇನ್‌ಶಿರಾಹ್ ಸುರುಳಿಯನ್ನು ಬೀರುವಿನ ಮೇಲಿಟ್ಟು, ಬೀರುವಿನ ಒಳಗಿಂದ ತನ್ನ ಬ್ರಹ್ಮಾಸ್ತ್ರ ತೆಗೆದಳು.

ಅದು ಅತ್ತೆ ಕೈಯಾರೆ ಕಸೂತಿ ಹಾಕಿದ ಮೇಜುಬಟ್ಟೆ. ಬಿಳಿ ನಾರುಬಟ್ಟೆ, ಸುತ್ತಲೂ ದಾಳಿಂಬೆ ಬಣ್ಣದ ಎಳೆ. ಹಿರಿಸೊಸೆಗೆಂದು ಅತ್ತೆ ಕೊಟ್ಟಿದ್ದಳು. ಅದು ತನಗೆ ಬರಬೇಕಿತ್ತೆಂದು ಹಾಜ್ಜಾ ಫಿದ್ದಾ ಒಂದು ದಿನವೂ ಜಗಳ ತೆಗೆದವಳಲ್ಲ. ಪ್ರತಿ ಹಬ್ಬದಲ್ಲೂ ನೆನಪಿಸುತ್ತಿದ್ದಳು, ಅಷ್ಟೆ.

ಹಬ್ಬದ ಬೆಳಿಗ್ಗೆ ಇನ್‌ಶಿರಾಹ್ ಬಟ್ಟೆ ಹಾಸಿ ಅದರ ಮೇಲೆ ಸಕಲ ಸೃಷ್ಟಿಯನ್ನು ಹರಡಿದಳು. ನಡುವೆ ಚಿಗುರು ದ್ರಾಕ್ಷಿ ಎಲೆಗಳ ಹಾದಿ. ಎರಡೂ ಬದಿಗೆ ಎಳೆಯ ಹಸಿರು ಬಾದಾಮಿಯ ಗುಪ್ಪೆ. ಕಿತ್ತಳೆ ಸಿಪ್ಪೆಯ ಬಟ್ಟಲುಗಳಲ್ಲಿ ಆಲಿವ್ ಎಣ್ಣೆಯ ದೀಪ. ಪ್ರತಿಯೊಬ್ಬರ ಜಾಗದಲ್ಲೂ ಅವರವರ ಹೆಸರು ಬರೆದ ನಿಂಬೆ ಎಲೆ. ಭೂಮಿಗೆ ಭಾರವಾಗುವಂಥದ್ದು ಒಂದೂ ಇರಲಿಲ್ಲ. ಅವಳು ಸ್ವಲ್ಪ ಹೊತ್ತು ಕೈಕಟ್ಟಿ ನಿಂತು ನೋಡಿ, ಹೆಮ್ಮೆ ಪಾಪವೆಂದು ನೆನಪಾಗಿ ಅಡುಗೆಮನೆಗೆ ಹೋದಳು.

ಮಧ್ಯಾಹ್ನ ಜನ ಬಂದರು. ಪ್ರಕೃತಿಯಿಂದ ಮಾಡಿದ ಅಲಂಕಾರಕ್ಕೆ ಒಂದು ದೋಷವಿದೆ: ಅದನ್ನು ತಿನ್ನಬಹುದು. ಮೈದುನಂದಿರು ಮಾತಾಡುತ್ತ ಮಾತಾಡುತ್ತ ಹಸಿರು ಬಾದಾಮಿಯನ್ನು ಉಪ್ಪಿಗೆ ಅದ್ದಿ ಮುಗಿಸಿದರು. ಒಂದು ದೀಪ ಗಾಳಿಗೆ ಆರಿತು. ಅದರ ಎಣ್ಣೆಗೆ ಯಾರೋ ರೊಟ್ಟಿ ಅದ್ದಿದರು. ಹೆಸರು ಬರೆದ ಎಲೆಗಳನ್ನು ಯಾರೂ ನೋಡಲಿಲ್ಲ, ಏಕೆಂದರೆ ಮನ್ಸಫನ್ನು ಹರಿವಾಣದ ಸುತ್ತ ನಿಂತು ಉಣ್ಣುತ್ತಾರೆ, ಮತ್ತು ಜನ ತಮ್ಮ ಹೆಸರು ಎಲ್ಲಿದೆಯೋ ಅಲ್ಲಿ ನಿಲ್ಲುವುದಿಲ್ಲ, ಮಾಂಸ ಎಲ್ಲಿದೆಯೋ ಅಲ್ಲಿ ನಿಲ್ಲುತ್ತಾರೆ.

ಹಾಜ್ಜಾ ಫಿದ್ದಾ ಕೋಲೂರಿಕೊಂಡು ಬಂದು ಮೇಜನ್ನು ಒಂದು ಸುತ್ತು ನೋಡಿದಳು. "ಅಮ್ಮನ ಬಟ್ಟೆ," ಎಂದಳು.

"ಹೌದು ಹಾಜ್ಜಾ."

"ಅದರ ಮೇಲೆ ಮನ್ಸಫ್."

"ಒಗೆದರೆ ಹೋಗುತ್ತೆ ಹಾಜ್ಜಾ."

"ಮತ್ತೆ ಈ ಎಲೆ? ಇಷ್ಟು ಎಳೇದು ಪೇಟೇಲಿ ಹುಡುಕಿದ್ರೂ ಸಿಗಲ್ಲ. ಒಂದು ಪಾತ್ರೆ ತುಂಬಾ ಅನ್ನ ಸುತ್ತಿ ಬೇಯಿಸಬಹುದು. ಇದನ್ನ ಬಾಡೋಕೆ ಬಿಡ್ತೀಯಾ? ದುಂದು ಅಲ್ವೇನೇ?"

ಹಾಜ್ಜಾ ಕೈಚೀಲದಿಂದ ಒಂದು ನೈಲಾನ್ ಕೊಟ್ಟೆ ತೆಗೆದು ದ್ರಾಕ್ಷಿ ಎಲೆಗಳನ್ನು ಒಂದೊಂದಾಗಿ ಅದಕ್ಕೆ ತುಂಬಿಕೊಂಡಳು. ಹರಿವಾಣಕ್ಕೆ ಜಾಗ ಮಾಡಲು ಮಿಕ್ಕಿದ್ದನ್ನೂ ಎತ್ತಿದ ಮೇಲೆ ಮೇಜಿನ ಮೇಲೆ ಉಳಿದದ್ದು ಬಟ್ಟೆಯೊಂದೇ.

ಊಟ ಮಾತ್ರ ಅದ್ಭುತವಾಗಿತ್ತು. ಬಲಗೈ ಅನ್ನದಲ್ಲಿ, ಎಡಗೈ ಬೆನ್ನ ಹಿಂದೆ, ಯಾರೂ ಮಾತಾಡಲಿಲ್ಲ. ಮಾತಾಡದಿರುವುದೇ ಆ ಮನೆತನದ ಹೊಗಳಿಕೆ. ಹಾಜ್ಜಾಳೂ ಎರಡನೆಯ ಸಲ ಸಾರು ಸುರಿಸಿಕೊಂಡಳು. ಪರೀಕ್ಷೆ ಪಾಸಾಯಿತೆಂದು ಇನ್‌ಶಿರಾಹಳಿಗೆ ಖಾತ್ರಿಯಾಯಿತು. ಹೆಂಗಸರ ಜೊತೆ ಅಡುಗೆಮನೆಗೆ ಹೋಗುವಾಗ ಗಂಡನ ಕಿವಿಯಲ್ಲಿ, "ಬೇರೆ ಮನೆಗಳಲ್ಲಿ ಗಂಡಸರು ಸ್ವಲ್ಪ ಕೈ ಹಾಕ್ತಾರಂತೆ," ಎಂದಳು. ಅಷ್ಟು ಅಂದದ್ದೇ ತಪ್ಪು.

ಚಹಾದ ತಟ್ಟೆ ಹಿಡಿದು ಬಂದಾಗ ಮೇಜು ಬರಿದಾಗಿ ಹೊಳೆಯುತ್ತಿತ್ತು. ಫವ್ವಾಝ್ ಅದರ ಪಕ್ಕದಲ್ಲಿ ನಿಂತಿದ್ದ.

"ನೋಡು. ಗಂಡಸರು ಕೈ ಹಾಕಲ್ಲ ಅಂತೀಯಲ್ಲ."

"ಬಟ್ಟೆ ಎಲ್ಲಿ?"

"ಯಾವ ಬಟ್ಟೆ?"

"ಮೇಜಿನ ಮೇಲೆ ಇದ್ದದ್ದು."

"ನೈಲಾನಾ? ಗಂಟು ಕಟ್ಟಿ ತೊಟ್ಟಿಗೆ ಹಾಕಿ ಬಂದೆ."

"ಅದು ನೈಲಾನಲ್ಲ."

"ಕಸೂತಿ ಅಚ್ಚಿನ ನೈಲಾನು. ನಾನೇ ತಂದದ್ದು. ಕೊನೆಗೂ ನನ್ನ ಮಾತು ಕೇಳಿದಳಲ್ಲ ಅಂತ ಬೆಳಿಗ್ಗೆಯಿಂದ ಖುಷೀಲಿದೀನಿ. ಎಲ್ಲರೆದುರು ಹೇಳಿದ್ರೆ ನಿನಗೆ ಮುಜುಗರ ಅಂತ ಸುಮ್ನಿದ್ದೆ."

"ನೀವು ತಂದದ್ದು ಬೀರುವಿನ ಮೇಲಿದೆ. ಅದು ನಿಮ್ಮಮ್ಮಂದು."

ಫವ್ವಾಝ್ ಸ್ವಲ್ಪ ಯೋಚಿಸಿದ. "ಅದಕ್ಕೇ ಭಾರ ಇತ್ತು," ಎಂದ. ಆಮೇಲೆ ಹಬ್ಬದ ಸೂಟಿನಲ್ಲೇ ಮೆಟ್ಟಿಲಿಳಿದು ಓಡಿದ.

ಅಷ್ಟರಲ್ಲಿ ಹಾಜ್ಜಾ ಕಾಫಿಯ ಬಟ್ಟಲು ಹಿಡಿದು ಕೋಣೆಗೆ ಬಂದಳು. ಬರಿಯ ಮೇಜು ನೋಡಿದಳು. "ಬಟ್ಟೆ ಎಲ್ಲಿ?"

"ನೆನೆ ಹಾಕಿದೀನಿ ಹಾಜ್ಜಾ." (ಹಬ್ಬದ ದಿನ ಸುಳ್ಳು. ದೇವರೇ ಕ್ಷಮಿಸು ಎಂದು ಅದೇ ಉಸಿರಿನಲ್ಲಿ ಬೇಡಿಕೊಂಡಳು.)

"ಯಾವುದರಲ್ಲಿ?"

"ಬಕೆಟ್‌ನಲ್ಲಿ."

"ಬಿಸಿನೀರು ಹಾಕಿಲ್ಲ ತಾನೆ? ಕೆಂಪು ಬಿಡುತ್ತೆ." ಹಾಜ್ಜಾ ಗಾಳಿಗೆಂದು ಬಾಲ್ಕನಿಗೆ ಹೋದಳು. ಇನ್‌ಶಿರಾಹ್ ತಡೆಯುವಷ್ಟರಲ್ಲಿ ಅವಳು ಕಂಬಿಗೆ ಒರಗಿ ಕೆಳಗೆ ನೋಡಿಯಾಗಿತ್ತು. ತಿರುವಿನಲ್ಲಿದ್ದ ಕಸದ ತೊಟ್ಟಿಯಿಂದ ಎರಡು ಕಾಲುಗಳು ಆಕಾಶಕ್ಕೆ ಚಾಚಿದ್ದವು. ಸುತ್ತಲೂ ಬೆಕ್ಕುಗಳು ಸಭೆ ಸೇರಿದ್ದವು.

"ಔನಿ ಅಮ್ಮ, ಇಲ್ಲಿ ಬಾ. ಆ ಕಾಲು ನಮ್ಮ ಫವ್ವಾಝಂದಲ್ವಾ?"

ಬೂಟಿಗೆ ಬೆಳಿಗ್ಗೆ ಇನ್‌ಶಿರಾಹಳೇ ಪಾಲಿಶ್ ಹಾಕಿದ್ದಳು. "ಅವರದೇ ಇರಬೇಕು."

"ಏನು ಮಾಡ್ತಿದಾನೆ?"

"ಗಾಳಿಗೆ ಹೋಗಿದಾರೆ."

"ತಲೆಕೆಳಗಾಗಿ?"

ಆಗ ಫವ್ವಾಝ್ ಗಂಟಿನ ಸಮೇತ ಮೇಲೆದ್ದ. ಗಂಟಿನ ಸಮೇತ ಒಂದು ಬೆಕ್ಕೂ ಮೇಲೆದ್ದಿತು. "ಸಿಕ್ತು ಕಣೇ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ, "ಅಮ್ಮನ ಬಟ್ಟೆ ಸಿಕ್ತು."

ಹಾಜ್ಜಾ ಬಟ್ಟಲಿನಲ್ಲಿ ಉಳಿದ ಕಾಫಿಯನ್ನು ನಿಧಾನವಾಗಿ ಕುಡಿದಳು. "ಬಕೆಟ್ ದೊಡ್ಡದಾಗೇ ಇದೆ," ಎಂದಳು.

ಅವಳು ಬೈಯಲಿಲ್ಲ. ಬಟ್ಟೆಯನ್ನು ಕೊಡವಿಸಿ, ಮಡಿಸಿ, ದ್ರಾಕ್ಷಿ ಎಲೆಯ ಜೊತೆ ತನ್ನ ಮನೆಗೆ ಒಯ್ದಳು. ಹೋಗುವಾಗ ಬಾಗಿಲಲ್ಲಿ ನಿಂತು ತೀರ್ಪು ಹೇಳಿದಳು: "ಮನ್ಸಫ್ ಅಮ್ಮ ಮಾಡಿದ ಹಾಗೇ ಇತ್ತು. ಹಬ್ಬದೂಟ ಇನ್ನು ಮೇಲೆ ನಿನ್ನದೇ. ಬಟ್ಟೆ ನನ್ನ ಹತ್ರ ಇರ್ಲಿ. ಹಬ್ಬದ ದಿನ ನಾನೇ ತರ್ತೀನಿ, ನಾನೇ ಹಾಸ್ತೀನಿ." ಇನ್‌ಶಿರಾಹ್ ತಲೆಯಾಡಿಸಿದಳು. ಗೆದ್ದೆನೋ ಸೋತೆನೋ ಎಂದು ಅವಳಿಗೆ ಮಲಗುವ ತನಕ ಗೊತ್ತಾಗಲಿಲ್ಲ.

ಬಕ್ರೀದಿಗೆ ಹಾಜ್ಜಾ ಮಾತಿನಂತೆ ಬಟ್ಟೆ ತಂದಳು. ಆಲಿವ್ ಸೋಪು ಹಚ್ಚಿ ಬಿಸಿಲಲ್ಲಿ ಒಣಗಿಸಿ ಹಾಲಿನಂತೆ ಮಾಡಿದ್ದಳು. ಮೇಜಿನ ಮೇಲೆ ಹಾಸಿ ಸುಕ್ಕು ತೀಡಿದಳು. ಆಮೇಲೆ ಅದರ ಮೇಲೆ ಗಾಜಿನಂಥ ದಪ್ಪ ನೈಲಾನ್ ಹಾಸಿ, ನಾಲ್ಕೂ ಮೂಲೆಗೆ ಕ್ಲಿಪ್ಪು ಹಾಕಿದಳು. ಕಸೂತಿ ಪೂರ್ತಿ ಕಾಣುತ್ತಿತ್ತು, ಸಾರಿನ ಒಂದು ಹನಿ ತಾಗುತ್ತಿರಲಿಲ್ಲ. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಊಟವಾದ ಮೇಲೆ ಫವ್ವಾಝ್ ನೈಲಾನನ್ನು ಮಾತ್ರ ಎತ್ತಿ, ಎರಡು ಸಲ ಮುಟ್ಟಿ ನೋಡಿ, ಗಂಟು ಕಟ್ಟಿದ.

"ಹಳೇ ಕಸೂತಿಗೆ ಇಂಥ ಮರ್ಯಾದೆ ಯಾರಿಗೆ ಹೊಳೀತು ಹಾಜ್ಜಾ?" ಎಂದು ನೆರೆಯವರು ಕೇಳಿದರು.

"ನಮ್ಮ ಔನಿ ಅಮ್ಮನಿಗೆ," ಎಂದಳು ಹಾಜ್ಜಾ. "ಅವಳಿಲ್ಲದಿದ್ರೆ ನನಗೆಲ್ಲಿ ಹೊಳೀತಿತ್ತು?"

ಅದು ಬೀದಿಯಲ್ಲಿ ಹಬ್ಬಿತು. ಮನೆಮನೆಯ ಪೆಟ್ಟಿಗೆಯಿಂದ ಅಜ್ಜಿಯರ ಕಸೂತಿ ಹೊರಬಂತು, ಮನೆಮನೆಯಲ್ಲೂ ಅದರ ಮೇಲೆ ದಪ್ಪ ನೈಲಾನ್ ಬಂತು. ಅಂಗಡಿಯವನ ದಾಸ್ತಾನು ಖಾಲಿಯಾಗಿ ಅವನು ಅಮ್ಮಾನಿನಿಂದ ಇನ್ನೊಂದು ಗಾಡಿ ತರಿಸಿದ. ಋಣ ಮರೆಯದ ಮನುಷ್ಯ. ಒಂದು ದೊಡ್ಡ ಸುರುಳಿಯನ್ನು ಇನ್‌ಶಿರಾಹಳ ಬಾಗಿಲಿಗೆ ಪುಕ್ಕಟೆಯಾಗಿ ಕಳಿಸಿದ. ಬೇಡವೆಂದು ಎಸೆದರೆ ದುಂದಾಗುತ್ತದಲ್ಲ ಎಂದು ಅವಳು ಅದನ್ನು ಒಳಗಿಟ್ಟುಕೊಂಡಳು.