ಔಡಲೆಣ್ಣೆ ಕುಡಿದ ಬೈಕು

ಏರ್ ಫಿಲ್ಟರ್ ಬದಲಿಸಲು ಮೆಕ್ಯಾನಿಕ್ಕನ ಕೈಗೆ ಬೈಕು ಕೊಡುವುದೆಂದರೆ ಸಿದ್ದರಾಮೇಶನಿಗೆ ಊಟಕ್ಕೆ ಕೂತಾಗ ಬೇರೆಯವರಿಂದ ತುತ್ತು ಮಾಡಿಸಿಕೊಂಡಷ್ಟು ಅವಮಾನ. ಮಕ್ತಲ್‌ನ ತನ್ನ ಮನೆಯಂಗಳದಲ್ಲಿ ಸ್ಪ್ಯಾನರು ಎತ್ತಿ ಹಿಡಿದು ಹೆಂಡತಿಗೆ ಘೋಷಿಸಿದ.

"ಗಾಡಿ ನಂದು, ಕೈ ನಂದು. ನಾಳೆ ಮುಂಜಾನಿ ನೋಡು, ಗದ್ವಾಲಿಗೆ ಗಾಳಿ ಹೋದಂಗ ಹೋಗ್ತೀವಿ."

ಭಾಗ್ಯಜ್ಯೋತಿ ಒಣಗಿದ ಸಂಡಿಗೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಾ ಬಸ್ಸಿಗೆ ಹೋಗ್ತೀನ್ರಿ."

"ನಾಳೆ ಜೂನ್ ಎರಡು. ಹೊಸ ತೆಲಂಗಾಣ ರಾಜ್ಯ ಬರಾಕತ್ತೈತಿ. ಎಲ್ಲಿ ನೋಡಿದ್ರೂ ಮೆರವಣಿಗಿ. ಬಸ್ಸು ಯಾವಾಗ ಬರ್ತೈತೋ, ಬಂದ್ರೂ ಕಾಲಿಡಾಕ ಜಾಗ ಎಲ್ಲಿರ್ತೈತಿ?"

ಆ ಮಾತಿಗೆ ಅವಳು ಒಪ್ಪಲೇಬೇಕಾಯಿತು. ಗದ್ವಾಲಿನ ಆಸ್ಪತ್ರೆಯಲ್ಲಿ ಅವಳ ಅಪ್ಪ ಶಿವಶಂಕರಪ್ಪನವರ ಬಲಗಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದರು. ನಾಳೆ ಬೆಳಿಗ್ಗೆ ಪಟ್ಟಿ ಬಿಚ್ಚುವುದಿತ್ತು. ಮುದುಕರು ಫೋನಿನಲ್ಲಿ ಬೇರೇನೂ ಮಾತಾಡಿರಲಿಲ್ಲ. "ಪಟ್ಟಿ ಬಿಚ್ಚಿದ ಕೂಡ್ಲೆ ಮೊದಲು ನಿನ್ನ ಮುಖ ಕಾಣಬೇಕವ್ವಾ," ಎಂದಷ್ಟೇ ಅಂದಿದ್ದರು. ಅಂದಿನಿಂದ ಅವಳಿಗೆ ಒಲೆಯ ಮೇಲೆ ಹಾಲಿಟ್ಟಿದ್ದೂ ನೆನಪಿರುತ್ತಿರಲಿಲ್ಲ.

ಬೈಕಿನದೊಂದು ಕಥೆ. ಸಿದ್ದರಾಮೇಶ ಹತ್ತಿ ಬೀಜದ ಕಂಪನಿಗೆ ಹೊಲ ಸುತ್ತುವವನು. ಡಾಂಬರು ಕಾಣದ ದಾರಿಗಳಿಗೆಂದು ಹೈದರಾಬಾದಿನಿಂದ ಹಳೆಯದೊಂದು ಡರ್ಟ್ ಬೈಕು ತಂದಿದ್ದ. ಆನೆಯಷ್ಟು ಎತ್ತರ, ಕುದುರೆಯಷ್ಟು ಪೊಗರು. ಅದು ಈಚೆಗೆ ಮುದಿ ಎಮ್ಮೆಯಂತೆ ಕೆಮ್ಮುತ್ತಿತ್ತು. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಫಿಲ್ಟರು ಬಿಚ್ಚಿ ನೋಡಿದರೆ ಕೃಷ್ಣಾ ದಂಡೆಯ ಮಣ್ಣೆಲ್ಲ ಅದರೊಳಗಿತ್ತು. ಅದನ್ನವನು ಗೋಡೆಗೆ ಬಡಿದ. ಧೂಳೆದ್ದು ನೇರ ಸಂಡಿಗೆಯ ಮೇಲೆ ಇಳಿಯಿತು.

"ಚಲೋ ಆತು," ಎಂದಳು ಭಾಗ್ಯಜ್ಯೋತಿ. "ಈಗ ಹೊಲಕ್ಕೆ ಹೋಗದಿದ್ರೂ ನಡೀತೈತಿ. ಮಣ್ಣು ಮನೀಗೇ ಬಂತು."

ಹೊಸ ಫಿಲ್ಟರಿಗಾಗಿ ಅವನು ಬಸ್ಸು ಹಿಡಿದು ನಾರಾಯಣಪೇಟೆಗೆ ಹೋದ. ಬಿಡಿಭಾಗದ ಅಂಗಡಿಯ ಭೀಮಯ್ಯ ಎರಡು ಪೊಟ್ಟಣ ಮುಂದಿಟ್ಟ. ಒಂದರಲ್ಲಿ ಕಾಗದದ ಫಿಲ್ಟರು, ಮಡಿಕೆ ಮಡಿಕೆಯಾಗಿ, ಸೊಸೆಯಂತೆ ಸಂಕೋಚದಿಂದ ಕೂತಿತ್ತು. ಇನ್ನೊಂದರಲ್ಲಿ ದಪ್ಪನೆಯ ಸ್ಪಂಜು.

"ಯಾವುದು ಚಲೋ?"

"ಕಾಗದದ್ದು ಸುಮ್ಮನ ಕೂಡಿಸಿದ್ರ ಮುಗೀತ್ರಿ. ಸ್ಪಂಜಿಂದು ರೇಸಿನವರು ಹಾಕ್ತಾರ. ತೊಳದು ಮತ್ತ ಹಾಕಬಹುದು. ಆದ್ರ ಎಣ್ಣಿ ಹಚ್ಚಬೇಕು, ಆಮ್ಯಾಲ…"

"ರೇಸಿನವರು" ಎಂಬ ಮಾತಿನ ನಂತರ ಸಿದ್ದರಾಮೇಶನಿಗೆ ಬೇರೇನೂ ಕೇಳಿಸಲಿಲ್ಲ. ಎಣ್ಣೆ ಎಂಬುದೊಂದು ಹೇಗೋ ಕಿವಿಗೆ ಬಿತ್ತು. ಸ್ಪಂಜನ್ನು ಬಗಲಲ್ಲಿಟ್ಟುಕೊಂಡು ಮನೆಗೆ ಬಂದ.

"ಎಣ್ಣಿ ಎದಕ್ಕ?" ಭಾಗ್ಯಜ್ಯೋತಿ ಕೇಳಿದಳು.

"ಧೂಳು ಅಂಟಿಕೊಳ್ಳಾಕ. ಎಣ್ಣಿ ಎಷ್ಟು ಹೆಚ್ಚೋ ಧೂಳು ಅಷ್ಟು ಸಿಗಬೀಳ್ತೈತಿ. ಇದು ವಿಜ್ಞಾನ."

ಆ ವಿಜ್ಞಾನಕ್ಕೆ ಬಲಿಯಾದದ್ದು ಅವಳು ತಲೆಗೆ ಹಚ್ಚಿಕೊಳ್ಳುವ ಔಡಲೆಣ್ಣೆ. ಅವನು ಸ್ಪಂಜನ್ನು ಬೋಗುಣಿಯಲ್ಲಿಟ್ಟು, ಜಾಮೂನಿಗೆ ಪಾಕ ಹಾಕುವವನಂತೆ ಪ್ರೀತಿಯಿಂದ ಶೀಶೆ ಬಗ್ಗಿಸಿದ. ಸ್ಪಂಜು ಕುಡಿಯಿತು. ಇನ್ನಷ್ಟು ಹಾಕಿದ. ಅದನ್ನೂ ಕುಡಿಯಿತು. ಶೀಶೆ ಬರಿದಾದ ಮೇಲೆ ಫಿಲ್ಟರನ್ನು ಅದರ ಡಬ್ಬಿಯೊಳಗೆ ತುರುಕಿ ಮುಚ್ಚಳ ಹಾಕಿದ. ಒಂದು ಸ್ಕ್ರೂ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡ.

ಬೆಳಿಗ್ಗೆ ಭಾಗ್ಯಜ್ಯೋತಿ ಅಪ್ಪನಿಗೆ ಇಷ್ಟವಾದ ಹಸಿರು ಸೀರೆ ಉಟ್ಟು ಬಂದಳು. ಇದ್ದದ್ದು ಒಂದೇ ಹೆಲ್ಮೆಟ್ಟು. ಅದನ್ನವನು ಅವಳ ತಲೆಗೆ ತೊಡಿಸಿ, ಕಿವಿಯ ಕೆಳಗಿನ ಪಟ್ಟಿ ತಾನೇ ಬಿಗಿದ. "ನಿಮಗ?" ಎಂದಳು. "ನನ್ನ ಮುಖ ಯಾರು ನೋಡಬೇಕು?" ಎಂದ.

ಬೈಕು ಹೊರಟಾಗ ಬೀದಿ ತುಂಬ ಬಿಳಿ ಹೊಗೆ. ಎದುರು ಮನೆಯ ಕಿಷ್ಟಮ್ಮ ಸೊಳ್ಳೆಗೆ ಹೊಗೆ ಬಿಡುವ ಗಾಡಿ ಬಂತೆಂದು ಅಡುಗೆಮನೆಯ ಪಾತ್ರೆಗಳನ್ನೆಲ್ಲ ಮುಚ್ಚಿದಳು. ಊರು ದಾಟುವತನಕ ಹೇಗೋ ಎಳೆಯಿತು. ಅಮರಚಿಂತದ ಹತ್ತಿರ ಕೆಮ್ಮಿತು, ಬಿಕ್ಕಿತು, ನಿಂತೇಬಿಟ್ಟಿತು.

ಸಿದ್ದರಾಮೇಶ ಒದ್ದ. ಮತ್ತೆ ಒದ್ದ. ಮುಚ್ಚಳ ಬಿಚ್ಚಿದರೆ ಮೊಣಕೈತನಕ ಎಣ್ಣೆ ಇಳಿಯಿತು. ಬೆವರು ಒರೆಸಿಕೊಂಡ ಕಡೆಯೆಲ್ಲ ಔಡಲೆಣ್ಣೆ. ಪಕ್ಕದಲ್ಲಿ ಲಾರಿಯೊಂದು ಹೋಯಿತು. ರಸ್ತೆಯ ಧೂಳೆಲ್ಲ ಎದ್ದು ಹುಡುಕಿಕೊಂಡು ಬಂದು ಅವನ ಮುಖಕ್ಕೆ ಅಂಟಿತು.

ಅಷ್ಟರಲ್ಲಿ ಡಪ್ಪು ಬಡಿಯುತ್ತ ಮೆರವಣಿಗೆ ಬಂತು. "ಅನ್ನಾ, ಜೈ ತೆಲಂಗಾಣ ಅನು!" ಎಂದು ಯಾರೋ ಗುಲಾಲು ಎರಚಿದರು. ಇವನು "ಜೈ" ಎಂದು ಬಾಯಿ ತೆರೆದದ್ದೇ ತಪ್ಪಾಯಿತು. ಒಳಗೂ ಗುಲಾಲು, ಹೊರಗೂ ಗುಲಾಲು. ಧೂಳಿನ ಮೇಲೆ ಬಣ್ಣ ಕೂತು, ಎಣ್ಣೆಯಲ್ಲಿ ಕಲೆತು ಗಟ್ಟಿಯಾಯಿತು.

ಮೆರವಣಿಗೆ ಮುಂದೆ ಹೋಯಿತು. ಬೈಕು ಅಲ್ಲೇ ನಿಂತಿತ್ತು. ಭಾಗ್ಯಜ್ಯೋತಿ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಗಂಡನನ್ನು ನೋಡಿದಳು. ಬೈಯಲು ಮಾತು ನಾಲಗೆಯ ಮೇಲೇ ಇತ್ತು. ಆದರೆ ಅವನು ಉಳಿದಿದ್ದ ಸ್ಕ್ರೂವನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ.

"ಜೋತಿ, ತಪ್ಪಾತು. ನಿನ್ನ ಬಸ್ಸಿಗೆ ಕಳಸಬೇಕಿತ್ತು. ಅಲ್ಲಿ ಅವರು ಕಾಯಾಕತ್ತಿರ್ತಾರ."

ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿ ಸ್ಪಂಜನ್ನು ಕೈಗೆ ತೆಗೆದುಕೊಂಡಳು. ಕಂಬಳಿ ಹಿಂಡುವವಳ ಹಾಗೆ ಹಿಂಡಿದಳು. ರಸ್ತೆ ಬದಿಯ ಜಾಲಿಗಿಡದ ಬುಡಕ್ಕೆ ಎಣ್ಣೆ ಸುರಿಯಿತು. ಚೀಲದಲ್ಲಿದ್ದ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಿದಳು.

"ಹಾಕ್ರಿ ಈಗ. ಉಸಿರಾಡಾಕರ ಬಿಡ್ರಿ ಅದಕ್ಕ."

ಬೈಕು ಒಮ್ಮೆ ಸೀನಿ ಎದ್ದುಕೊಂಡಿತು. ಜುರಾಲಾ ಸೇತುವೆಯ ಮೇಲೆ ಗಾಳಿ ತಣ್ಣಗಿತ್ತು. ಹಿಂದಿನಿಂದ ಅವಳ ಕೈ ಬಂದು ಅವನ ಭುಜದ ಮೇಲೆ ಕೂತಿತು. ಗದ್ವಾಲ್ ಬರುವತನಕ ಅದು ಅಲ್ಲೇ ಇತ್ತು.

ಆಸ್ಪತ್ರೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ನರ್ಸಮ್ಮ ಬಾಗಿಲಲ್ಲೇ ಸಿಕ್ಕಳು. "ನೀವೇನಾ ಮಗಳು? ಮುಂಜಾನಿಯಿಂದ ಪಟ್ಟಿ ಮುಟ್ಟಾಕ ಬಿಟ್ಟಿಲ್ರೀ. ಡಾಕ್ಟ್ರು ಎರಡು ಸಲ ಬಂದು ಹೋದ್ರು."

ಶಿವಶಂಕರಪ್ಪ ಮಂಚದ ಮೇಲೆ ಕಣ್ಣಪಟ್ಟಿಗೆ ಅಂಗೈ ಅಡ್ಡ ಇಟ್ಟುಕೊಂಡು, ತಿಜೋರಿ ಕಾಯುವವರಂತೆ ಕೂತಿದ್ದರು. ಬಳೆ ಸದ್ದಿಗೆ ಕೈ ಇಳಿಸಿದರು. "ಬಂದ್ಯಾ ಜೋತಿ? ಅಳಿಯಂದ್ರೂ ಬಂದಾರೇನು? ಇಬ್ರೂ ಎದುರಿಗೆ ನಿಲ್ರಿ."

ಸಿದ್ದರಾಮೇಶ ಮುಖ ತೊಳೆಯಲು ನಲ್ಲಿಯ ಕಡೆ ಜಾರುತ್ತಿದ್ದ. ಭಾಗ್ಯಜ್ಯೋತಿ ತೋಳು ಹಿಡಿದು ಎಳೆದು ನಿಲ್ಲಿಸಿದಳು. ನರ್ಸಮ್ಮ ಪಟ್ಟಿ ಬಿಚ್ಚಿದಳು.

ಮುದುಕರು ಬಲಗಣ್ಣನ್ನು ಮೆಲ್ಲಗೆ ತೆರೆದರು. ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಮಗಳನ್ನು ನೋಡಿದರು. ಹಣೆ, ಮೂಗುತಿ, ಗದ್ದ, ಒಂದೊಂದಾಗಿ ನೋಡಿದರು. "ಸೊರಗೀದಿ," ಎಂದರು. ಕಣ್ಣು ತುಂಬಿತು. "ಅಳಬ್ಯಾಡ್ರಿ, ಕಣ್ಣಿಗೆ ನೀರು ಬರಬಾರದು," ಎಂದಳು ನರ್ಸಮ್ಮ.

ಆಮೇಲೆ ಅವರ ನೋಟ ಪಕ್ಕಕ್ಕೆ ಹೊರಳಿತು. ಅಲ್ಲಿ ಕರಿ, ಕೆಂಪು, ಗುಲಾಬಿ ಬಣ್ಣಗಳಲ್ಲಿ ಮಿಂಚುತ್ತ ಅಳಿಯ ನಿಂತಿದ್ದ. ಮುದುಕರು ಬಹಳ ಹೊತ್ತು ನೋಡಿದರು.

"ಹಾಳಾದ ಪೊರಿ ಎಂಥಾ ಮೋಸ ಮಾಡೈತಿ ನೋಡವ್ವ," ಎಂದರು ಕೊನೆಗೆ. "ಮದುವಿ ಆದಾಗಿಂದ ನಮ್ಮ ಅಳಿಯ ಬಾಳ ಚೆಲುವ ಅಂತ ಊರ ತುಂಬ ಹೇಳ್ಕೊಂತ ಬಂದೆ."

"ಇರಲಿ ಬಿಡಪ್ಪ," ಎಂದಳು ಭಾಗ್ಯಜ್ಯೋತಿ, ಗಂಡನ ತೋಳು ಬಿಡದೆ. "ಎಡಗಣ್ಣಿನ ಪೊರಿ ಇನ್ನೂ ತೆಗೆದಿಲ್ಲಲ್ಲ. ಇವರನ್ನ ಅದರಾಗ ನೋಡು."

ಶಿವಶಂಕರಪ್ಪ ಕೈ ಬದಲಿಸಿ ಬಲಗಣ್ಣು ಮುಚ್ಚಿಕೊಂಡರು. ಎಡಗಣ್ಣಿನಿಂದ ಅಳಿಯನನ್ನು ಮೇಲಿಂದ ಕೆಳಗಿನತನಕ ನೋಡಿ, ಸಮಾಧಾನದ ಉಸಿರು ಬಿಟ್ಟರು.

"ಹೂಂ. ಈಗ ಬರೋಬ್ಬರಿ ಅದಾರ."